ಮಾತ್ರೆ ಬಿಟ್ಟು ಮೊಳಕೆ ರಾಗಿಗೆ ಬಂದೆ

ಮಗಳಿಗೆ ಮೊನ್ನೆ ಹದಿನಾಲ್ಕು ತಿಂಗಳು ತುಂಬಿತು. ಇಷ್ಟು ದಿನ ಬರೆಯಲು ಧೈರ್ಯ ಬಂದಿರಲಿಲ್ಲ, ಈಗ ಬರೆಯುತ್ತಿದ್ದೇನೆ. "ರಾಗಿ ಮೊಳಕೆ ತಿಂದರೆ ಕೌಂಟ್ ಏರುತ್ತಾ?" ಅಂತ ಕೇಳಿದವರು ಒಬ್ಬಿಬ್ಬರಲ್ಲ. ಕೌಂಟ್ ಅಂದರೆ ವೀರ್ಯಾಣುಗಳ ಸಂಖ್ಯೆ. ನನಗೆ ಏರಿತು. ಏಳು ರಿಪೋರ್ಟ್ ಬೀರುವಿನಲ್ಲಿವೆ.

ಕೌಂಟ್, ಮೊಟಿಲಿಟಿ (ವೀರ್ಯಾಣುಗಳ ಚಲನೆ), ಸ್ಯಾಂಪಲ್ ಕೊಡುವ ಮೊದಲು ಎಷ್ಟು ದಿನ ತಡೆಯಬೇಕು, ಇದೆಲ್ಲ ಈ ದಾರಿಯಲ್ಲಿ ನಡೆದವರಿಗೆ ಗೊತ್ತೇ ಇರುತ್ತದೆ. ನನ್ನ ಮೊದಲ ರಿಪೋರ್ಟಿನಲ್ಲಿ ಮಿಲಿಲೀಟರಿಗೆ 6 ಮಿಲಿಯನ್, ಚಲನೆ ಶೇಕಡಾ 20ರ ಆಸುಪಾಸು. ಕೌಂಟ್ 15-16ಕ್ಕಿಂತ ಮೇಲಿರಬೇಕು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಜೊತೆಗೆ ಆಸೆಯೂ ತಗ್ಗಿತ್ತು. ಮೂವತ್ತಮೂರು ವಯಸ್ಸಿಗೆ ಹಾಗಾಗಬಾರದು ಅಲ್ವಾ? ಹೆಂಡತಿ ಒಂದು ಮಾತೂ ಆಡಲಿಲ್ಲ. ಅವಳು ಆಡದೇ ಇದ್ದದ್ದೇ ನನಗೆ ಜಾಸ್ತಿ ನೋವಾಯಿತು.

ಮೈಸೂರಿನ ಡಾಕ್ಟರು ಎಲ್ಲ ನೋಡಿದರು. ವೇರಿಕೋಸೀಲ್ (ವೃಷಣದ ರಕ್ತನಾಳ ಊದಿಕೊಳ್ಳುವುದು) ಇಲ್ಲ, ಸಕ್ಕರೆ ಇಲ್ಲ, ಥೈರಾಯ್ಡ್ ಸರಿ. ಗಂಡಸಿನ ಹಾರ್ಮೋನು ಟೆಸ್ಟೋಸ್ಟೆರಾನ್ ಮಾತ್ರ ಕೆಳಗಡೆ ಇತ್ತು. ಇಷ್ಟು ನೋಡಿಸದೆ ಯಾರೂ ಊಟದ ದಾರಿ ಹಿಡಿಯಬೇಡಿ. ವೀರ್ಯ ಬರುವ ನಾಳ ಮುಚ್ಚಿಕೊಂಡಿದ್ದರೆ ಯಾವ ಖನಿಜ ತಿಂದೂ ಪ್ರಯೋಜನವಿಲ್ಲ.

ನಮ್ಮದು ಮಂಡ್ಯ ಜಿಲ್ಲೆ. ಆಲೆಮನೆ ಇದೆ, ಒಂದಿಷ್ಟು ಬನ್ನೂರು ಕುರಿ ಇವೆ. ಏಳು ವರ್ಷ ನಾನೇ ಒಲೆಗೆ ಕಬ್ಬಿನ ಸಿಪ್ಪೆ ತುಂಬುತ್ತಿದ್ದೆ, ಕೊಪ್ಪರಿಗೆ ಪಕ್ಕ ದಿನಕ್ಕೆ ಹತ್ತು ಗಂಟೆ ನಿಲ್ಲುತ್ತಿದ್ದೆ. "ಆ ಕಾವು ವೀರ್ಯಕ್ಕೆ ಒಳ್ಳೆಯದಲ್ಲ, ಮೊದಲು ಅದನ್ನು ಬಿಡಿ" ಅಂದರು ಡಾಕ್ಟರು. ದಿನಕ್ಕೆ 600 ರೂಪಾಯಿ ಕೂಲಿ ಕೊಟ್ಟು ಬೇರೆಯವರನ್ನು ಇಟ್ಟೆ. ಹೊಗೆಸೊಪ್ಪೂ ಬಿಟ್ಟೆ. ನಾಲ್ಕು ತಿಂಗಳಿಗೆ 6 ಇದ್ದದ್ದು 9 ಆಯಿತು. ಅಲ್ಲಿಗೇ ನಿಂತಿತು.

ಆಮೇಲೆ ಕೈಸುಟ್ಟುಕೊಂಡೆ. ಹೈವೇ ಪಕ್ಕ ಟೆಂಟ್ ಹಾಕಿದ್ದವನೊಬ್ಬ ಭಸ್ಮದ ಪೊಟ್ಟಣ ಕೊಟ್ಟ. ಮೂರು ತಿಂಗಳ ಕೋರ್ಸು, 14 ಸಾವಿರ. ಪೊಟ್ಟಣದ ಮೇಲೆ ಹೆಸರಿಲ್ಲ, ಒಳಗೆ ಏನಿದೆ ಅಂತ ಬರೆದಿಲ್ಲ. ಯಶದ ಭಸ್ಮ ಅಂದರೆ ಸತು, ಅಂದರೆ ಝಿಂಕ್. ನಾಗ ಭಸ್ಮ ಅಂದರೆ ಸೀಸ. ಸೀಸ ವೀರ್ಯಕ್ಕೇ ಕೆಟ್ಟದ್ದು. ನಾನು ತಿಂದದ್ದು ಯಾವುದೋ ದೇವರಿಗೇ ಗೊತ್ತು. ಅದು ಮುಗಿದ ಮೇಲೆ ಒಂದು ಬಂಜೆತನ ಕೇಂದ್ರಕ್ಕೆ ಹೋದೆವು. ಟೆಸ್ಟಿಗೇ 22 ಸಾವಿರ ಆಯಿತು. ಎರಡನೇ ಭೇಟಿಯಲ್ಲೇ "ಇಕ್ಸಿ ಮಾಡಿಸಿ, 1.8 ಲಕ್ಷ" ಅಂದರು. ಇಕ್ಸಿ ಅಂದರೆ ವೀರ್ಯಾಣುವನ್ನು ಸೂಜಿಯಿಂದ ಅಂಡದೊಳಗೆ ಸೇರಿಸುವುದು. ಊಟದ ಬಗ್ಗೆ ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನನಗೆ ಇವತ್ತಿಗೂ ಕೋಪ ಇರುವುದು ಅದಕ್ಕೇ.

ದಾರಿ ತೋರಿಸಿದ್ದು ನಮ್ಮ ಟಗರು. ಆ ವರ್ಷ ಟಗರು ಕುರಿಗಳ ಮೇಲೆ ಹಾರುತ್ತಿತ್ತು, ಆದರೆ ಕುರಿಗಳು ಗಬ್ಬ ನಿಲ್ಲುತ್ತಿರಲಿಲ್ಲ. ಪಶುವೈದ್ಯರು ಬಂದು ಅದರ ಕಾಲು, ಮೂತಿ ಹತ್ತಿರದ ಚರ್ಮ ನೋಡಿದರು. ದಪ್ಪಗೆ ಹೊಟ್ಟು ಹೊಟ್ಟಾಗಿತ್ತು. "ಇದಕ್ಕೆ ಝಿಂಕ್ ಸಾಲ್ತಿಲ್ಲ ಕಣ್ರೀ" ಅಂದರು. ಮನೆಯಲ್ಲಿ ಹಸುವಿಗೆ ತಂದಿದ್ದ ಖನಿಜ ಮಿಶ್ರಣ ಇತ್ತು, ಅದನ್ನೇ ಹಾಕಲು ಹೋದೆ. ಸರಿಯಾಗಿ ಬೈದರು. ಅದರಲ್ಲಿ ತಾಮ್ರ ಇರುತ್ತದೆ, ಕುರಿಗೆ ತಾಮ್ರ ಸ್ವಲ್ಪ ಹೆಚ್ಚಾದರೂ ಲಿವರ್ ಕೆಟ್ಟು ಸಾಯುತ್ತದೆ. ಕುರಿಗೆಂದೇ ಮಾಡಿದ್ದನ್ನು ತರಿಸಿ ಎರಡು ತಿಂಗಳು ಕೊಟ್ಟೆ. ಟಗರಿನ ವೀರ್ಯ ತಯಾರಾಗಲು ಸುಮಾರು ಏಳು ವಾರ ಬೇಕು. ಮುಂದಿನ ಸಲ 22 ಕುರಿಯಲ್ಲಿ 17 ಗಬ್ಬ ನಿಂತವು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಟಗರಿಗೆ ನೋಡಿದ್ದನ್ನು ನನಗೆ ಯಾಕೆ ಯಾರೂ ನೋಡಲಿಲ್ಲ? ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ ರಕ್ತ ಕೊಟ್ಟೆ. ಟೆಸ್ಟಿಗೆ 900 ಚಿಲ್ಲರೆ. ಝಿಂಕ್ 58 ಬಂತು, 70ಕ್ಕಿಂತ ಕೆಳಗಿದ್ದರೆ ಕೊರತೆ.

ಇಲ್ಲಿ ಇನ್ನೊಂದು ತಪ್ಪು ಮಾಡಿದೆ. ಯಾರನ್ನೂ ಕೇಳದೆ 50 ಮಿಲಿಗ್ರಾಂ ಝಿಂಕ್ ಇರುವ ಕ್ಯಾಪ್ಸೂಲ್ ದಿನಕ್ಕೆ ಎರಡು ನುಂಗಿದೆ. ಮೊದಮೊದಲು ಖಾಲಿ ಹೊಟ್ಟೆಗೆ ತೆಗೆದುಕೊಂಡು ವಾಂತಿ ಮಾಡಿಕೊಂಡೆ. ಮೂರನೇ ತಿಂಗಳಿಗೆ ಕೌಂಟ್ 12 ಆಯಿತು, ಹಿಗ್ಗಿದೆ. ಐದನೇ ತಿಂಗಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಪಾದದಲ್ಲಿ ಜೋಮು, ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. ಝಿಂಕ್ ಜಾಸ್ತಿಯಾದರೆ ಮೈ ತಾಮ್ರ ಹೀರುವುದು ಕಡಿಮೆಯಾಗುತ್ತದೆ, ತಾಮ್ರ ಇಳಿದರೆ ರಕ್ತವೂ ನರವೂ ಸೊರಗುತ್ತವೆ. ದೊಡ್ಡವರಿಗೆ ದಿನಕ್ಕೆ 40 ಮಿಲಿಗ್ರಾಂ ಮೀರಬಾರದು. ನಾನು 100 ತಿನ್ನುತ್ತಿದ್ದೆ. ನಿಲ್ಲಿಸಿದೆ, ಕೌಂಟ್ ಮತ್ತೆ 8ಕ್ಕೆ ಬಂತು.

ಮೈಸೂರಿನ ಡಾಕ್ಟರು ಆಗ ಒಂದು ಕಥೆ ಹೇಳಿದರು. ಬಿಹಾರದಲ್ಲಿ ಹುಟ್ಟಿದ ಆನಂದ ಪ್ರಸಾದ್ ಅನ್ನುವ ವೈದ್ಯರು 1958ರಲ್ಲಿ ಇರಾನಿನ ಶಿರಾಜ್‌ನಲ್ಲಿದ್ದರು. ಅಲ್ಲಿಗೆ 21 ವರ್ಷದ ಯುವಕನೊಬ್ಬ ಬಂದ. ನೋಡಲು ಹತ್ತು ವರ್ಷದ ಹುಡುಗನ ಹಾಗಿದ್ದ, ಗಂಡಸಿನ ಅಂಗ ಬೆಳೆದೇ ಇರಲಿಲ್ಲ. ಊಟ ಅಂದರೆ ಹುಳಿ ಬರಿಸದ ರೊಟ್ಟಿ, ಜೊತೆಗೆ ಮಣ್ಣು ತಿನ್ನುವ ಅಭ್ಯಾಸ. ರೊಟ್ಟಿಯ ಧಾನ್ಯದಲ್ಲಿ ಝಿಂಕ್ ಇತ್ತು, ಆದರೆ ಧಾನ್ಯದಲ್ಲೇ ಇರುವ ಫೈಟೇಟ್ ಅನ್ನುವ ವಸ್ತು ಅದನ್ನು ಕಟ್ಟಿಹಾಕಿತ್ತು. ಆಮೇಲೆ ಅವರು ಈಜಿಪ್ಟಿಗೆ ಹೋದರು, ಝಿಂಕ್ ಕೊರತೆಯೇ ಕಾರಣ ಅಂತ ಅಲ್ಲಿ ಅಂಥದೇ ರೋಗಿಗಳಲ್ಲಿ 1963ರ ಹೊತ್ತಿಗೆ ಸಾಬೀತಾಯಿತು. ಯುವಕರಿಗೆ ಝಿಂಕ್ ಕಡಿಮೆ ಇರುವ ಊಟ ಕೊಟ್ಟು ನೋಡಿದಾಗ 20 ವಾರದಲ್ಲಿ ಟೆಸ್ಟೋಸ್ಟೆರಾನ್ ತೀರಾ ಇಳಿದದ್ದನ್ನು ಇದೇ ಪ್ರಸಾದ್ 1996ರಲ್ಲಿ ಬರೆದಿದ್ದಾರೆ.

ಕೇಳುತ್ತಾ ನನಗೆ ನನ್ನ ತಟ್ಟೆ ಕಂಡಿತು. ಮೂರು ಹೊತ್ತೂ ಮುದ್ದೆ, ನೆನೆಸದ ಬೇಳೆಯ ಸಾರು, ಉಂಡ ಕೂಡಲೇ ಟೀ. ರಾಗಿ ತಪ್ಪು ಮಾಡಿರಲಿಲ್ಲ. ಅದರ ಫೈಟೇಟ್ ಬೀಗ ತೆಗೆಯುವುದನ್ನು, ಅಂದರೆ ಮೊಳಕೆ ಕಟ್ಟುವುದನ್ನು, ಹುಳಿ ಬರಿಸುವುದನ್ನು, ನಾವು ಬಿಟ್ಟಿದ್ದೆವು. ನಮ್ಮಜ್ಜಿ ಅಂಬಲಿ ಹುಳಿ ಬರಿಸುತ್ತಿದ್ದಳು, ಹುರುಳಿ ಮೊಳಕೆ ಕಟ್ಟುತ್ತಿದ್ದಳು. ಮಿಲ್ಲಿನ ಹಿಟ್ಟು ಬಂದ ಮೇಲೆ ಎಲ್ಲ ಹೋಯಿತು.

ಹೀಗೆ ಮಾಡಿದೆ. ರಾಗಿ 12 ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಇಟ್ಟು, ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು ಬೀಸಿಸಿದೆ. ಮೊದಲ ಸಲ ಮುದ್ದೆ ಕಟ್ಟಲೇ ಇಲ್ಲ, ಗಂಜಿಯಾಯಿತು. ಮೊಳಕೆ ಹಿಟ್ಟಿಗೆ ಅಂಟು ಇರಲ್ಲ. ನಾಲ್ಕು ಸಲ ಹಿಟ್ಟು ಕೆಡಿಸಿದ ಮೇಲೆ ಸಾದಾ ಹಿಟ್ಟು ಎಷ್ಟು ಬೆರೆಸಬೇಕು, ಯಾವಾಗ ಬೆರೆಸಬೇಕು ಅನ್ನುವುದು ಕೈಗೆ ಬಂತು. ಆ ಅಳತೆ ಇಲ್ಲಿ ಹೇಳಲ್ಲ. ನಮ್ಮಕ್ಕ ಅದೇ ಹಿಟ್ಟು ಮಾರಿ ಜೀವನ ಮಾಡುತ್ತಿದ್ದಾಳೆ.

ಬೆಳಿಗ್ಗೆ ರಾತ್ರಿಯಿಡೀ ಮಜ್ಜಿಗೆಯಲ್ಲಿ ಹುಳಿ ಬಂದ ಅಂಬಲಿ. ಮಧ್ಯಾಹ್ನ ಮೊಳಕೆ ಹುರುಳಿ ಸಾರು, ಈರುಳ್ಳಿ ಬೆಳ್ಳುಳ್ಳಿ ಧಾರಾಳವಾಗಿ. ಈರುಳ್ಳಿ ಅಥವಾ ಬೆಳ್ಳುಳ್ಳಿ ಜೊತೆಗಿದ್ದರೆ ಕಾಳಿನ ಝಿಂಕ್ ಮತ್ತು ಕಬ್ಬಿಣ ಹೆಚ್ಚು ಸಿಗುತ್ತದೆ ಅಂತ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನವರು 2010ರಲ್ಲಿ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ಸಂಜೆ ಒಂದು ಹಿಡಿ ಸಿಹಿಗುಂಬಳದ ಬೀಜ, ಉಪ್ಪುನೀರಲ್ಲಿ ನೆನೆಸಿ ಹುರಿದದ್ದು. ಎಳ್ಳಿನ ಚಿಗಳಿ ಒಂದು. ದಿನಾ ಎರಡು ಮೊಟ್ಟೆ, ಅದರಲ್ಲಿ ಸೆಲೆನಿಯಂ ಅನ್ನುವ ಖನಿಜವೂ ಇರುತ್ತದೆ. ವಾರಕ್ಕೆ ಎರಡು ಸಲ ಮಟನ್. ಊಟಕ್ಕೂ ಟೀಗೂ ಎರಡು ಗಂಟೆ ಅಂತರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಲೆಕ್ಕದಲ್ಲಿ ಗಂಡಸಿಗೆ ದಿನಕ್ಕೆ 17 ಮಿಲಿಗ್ರಾಂ ಝಿಂಕ್ ಬೇಕು, ಇಷ್ಟರಲ್ಲಿ ಹತ್ತಿರ ಬರುತ್ತದೆ. ತಿಂಗಳಿಗೆ ಮೇಲು ಖರ್ಚು 2,500, ಅದರಲ್ಲಿ ಮುಕ್ಕಾಲು ಪಾಲು ಮಟನ್ನಿಗೇ.

ಮನುಷ್ಯನಿಗೆ ವೀರ್ಯ ತಯಾರಾಗಲು 74 ದಿನ. ಹಾಗಾಗಿ ಎರಡೂವರೆ ತಿಂಗಳಿಗೊಮ್ಮೆ ಮಾತ್ರ ಟೆಸ್ಟ್ ಮಾಡಿಸಿದೆ. 14, ಆಮೇಲೆ 21, ಆಮೇಲೆ 34. ಚಲನೆ 45 ದಾಟಿತು. ರಕ್ತದ ಝಿಂಕ್ 86. ಆಸೆ ಅದಕ್ಕಿಂತ ಮೊದಲೇ, ಎರಡನೇ ತಿಂಗಳಲ್ಲೇ ಮರಳಿತ್ತು. ಒಂದು ರಾತ್ರಿ ಹೆಂಡತಿ "ಏನ್ರೀ, ಇತ್ತೀಚೆಗೆ ಮುಖದಲ್ಲಿ ಕಳೆ ಬಂದಿದೆ" ಅಂದಳು. ಕೊನೆಯ ರಿಪೋರ್ಟಿನ ಮುಂದಿನ ತಿಂಗಳೇ ಅವಳು ಮುಟ್ಟಾಗಲಿಲ್ಲ. ಕೊನೆಯ ಆರು ವಾರ ನಾನು ಮತ್ತೆ ಕೊಪ್ಪರಿಗೆ ಪಕ್ಕವೇ ನಿಂತಿದ್ದೆ, ಆಳು ಸಿಕ್ಕಿರಲಿಲ್ಲ. ಹಾಗಾಗಿ ಇದೆಲ್ಲ ಒಲೆ ಕಾವು ಬಿಟ್ಟಿದ್ದರಿಂದಲೇ ಆಯಿತು ಅನ್ನುವವರ ಮಾತು ನಾನು ಒಪ್ಪಲ್ಲ.

ನಡುವೆ ಬೇರೆ ಪ್ರಯೋಗಗಳೂ ಆದವು. ಕುಮಟಾದ ಗೆಳೆಯನ ಮನೆಗೆ ಹೋಗಿ ಅಘನಾಶಿನಿ ಹೊಳೆಯ ಕಲ್ಗ (ಆಯ್ಸ್ಟರ್ ಅನ್ನುವ ಚಿಪ್ಪಿನ ಜೀವಿ) ತಿಂದೆ. ಝಿಂಕ್ ಅದರಲ್ಲಿರುವಷ್ಟು ಬೇರೆ ಯಾವ ಆಹಾರದಲ್ಲೂ ಇಲ್ಲ. ರುಚಿಯಾಗಿತ್ತು, ಆದರೆ ಮಂಡ್ಯದಲ್ಲಿ ಎಲ್ಲಿ ಸಿಗುತ್ತದೆ? ಹೊರದೇಶದಿಂದ ಬಂದ ಬ್ರೆಜಿಲ್ ನಟ್ ದಿನಕ್ಕೆ ಏಳೆಂಟು ತಿಂದು ಕೂದಲು ಉದುರಲು ಶುರುವಾಯಿತು. ಸೆಲೆನಿಯಂ ಅತಿಯಾದರೆ ಹಾಗೇ. ಅದರಲ್ಲಿ ಒಂದೋ ಎರಡೋ ತಿಂದರೆ ಹೆಚ್ಚು.

ನನ್ನ ರಿಪೋರ್ಟ್ ನೋಡಿದ ಡಾಕ್ಟರ್ ಗೆಳೆಯ ಒಬ್ಬ ಅಮೆರಿಕದ ಅಧ್ಯಯನ ಮುಂದಿಟ್ಟ. 2020ರಲ್ಲಿ ಪ್ರಕಟವಾದದ್ದು. 2,370 ಜೋಡಿ, ಗಂಡಂದಿರಿಗೆ ಆರು ತಿಂಗಳು ದಿನಕ್ಕೆ 30 ಮಿಲಿಗ್ರಾಂ ಝಿಂಕ್, 5 ಮಿಲಿಗ್ರಾಂ ಫೋಲಿಕ್ ಆಮ್ಲ. ಕೌಂಟೂ ಏರಲಿಲ್ಲ, ಮಕ್ಕಳೂ ಹೆಚ್ಚಾಗಲಿಲ್ಲ. "ಈಗೇನಂತೀಯ ಮಗ?" ಅಂದ. ನಾನು ಅಂದೆ, ಅವರು ಝಿಂಕ್ ಕಡಿಮೆ ಇದ್ದವರನ್ನು ಆರಿಸಿ ಕೊಟ್ಟಿರಲಿಲ್ಲ, ನನಗೆ 58 ಇತ್ತು. ತುಂಬಿದ ತೊಟ್ಟಿಗೆ ನೀರು ಬಿಟ್ಟರೆ ಚೆಲ್ಲುತ್ತದೆ ಅಷ್ಟೇ. ಅವನು ಸುಮ್ಮನಾದ.

ಈಗ ನನ್ನ ಭಾಮೈದ ಬಂದು ಹಿಟ್ಟು ಕೊಡಿ ಭಾವ ಅಂತ ಕೂತಿದ್ದಾನೆ. ಅವನ ಕೌಂಟ್ 7. ಮೊದಲು ಝಿಂಕ್ ಟೆಸ್ಟ್ ಮಾಡಿಸು ಅಂದೆ. 94 ಬಂತು. ಹಿಟ್ಟು ಕೊಡಲಿಲ್ಲ. ಎಡಗಡೆ ಭಾರ, ನಿಂತರೆ ನೋವು ಅನ್ನುತ್ತಾನೆ, ವೇರಿಕೋಸೀಲ್ ಇರಬಹುದು. ಬರುವ ಗುರುವಾರ ಮೈಸೂರಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೇನೆ.