ಹೆಸರು ಅಳಿಸಿದರೆ ಸಾಲದು: ಫಲಾನುಭವಿಗಳ ಪಟ್ಟಿಯನ್ನು ಇನ್ನೊಂದು ಸಂಸ್ಥೆಗೆ ಕೊಡುವುದು ಹೇಗೆ?

ಚಿಂತಾಮಣಿ ಕಡೆಯ ಒಂದು ಊರು. ಕ್ಷಯ ತಪಾಸಣೆಯ ಶಿಬಿರ ಮುಗಿದು ನಾಲ್ಕು ದಿನ ಆಗಿತ್ತು. ಯಾರಿಗೆ ಮಾತ್ರೆ ಶುರುವಾಗಿದೆ ಅನ್ನುವ ಪಟ್ಟಿಯನ್ನು, ಪೌಷ್ಟಿಕ ಆಹಾರದ ಕಿಟ್ ಹಂಚುವ ಇನ್ನೊಂದು ಸಂಸ್ಥೆಗೆ ನಾವು ಕಳಿಸಿದೆವು. ಆಗ ನಾನು ಕೆಲಸ ಮಾಡುತ್ತಿದ್ದ ಸಂಸ್ಥೆಯ ಕಂಪ್ಯೂಟರಿನಿಂದ, ನನ್ನ ಕೈಯಿಂದಲೇ ಹೋಯಿತು. ಹೆಸರೆಲ್ಲ ತೆಗೆದಿದ್ದೆ. ಒಂದು ಸಾಲಿನಲ್ಲಿ ‘ಹೆಂಗಸು, 24, ಹಾಲಿನ ಡೇರಿ ಪಕ್ಕದ ಮನೆ’ ಅಂತ ಮಾತ್ರ ಇತ್ತು. ಅಲ್ಲಿಂದ ಅದು ಒಂದು ವಾಟ್ಸಾಪ್ ಗ್ರೂಪಿಗೆ ಬಿತ್ತು. ಸಂಜೆ ಹೊತ್ತಿಗೆ ಊರಿಗೆಲ್ಲ ಗೊತ್ತು. ಭಾನುವಾರ ಆ ಹುಡುಗಿಯನ್ನು ನೋಡಲು ಬರಬೇಕಿದ್ದ ಗಂಡಿನ ಕಡೆಯವರು ಬರಲೇ ಇಲ್ಲ.

ಆಮೇಲೆ ಚಿಕ್ಕಬಳ್ಳಾಪುರ, ಕೋಲಾರ ಜಿಲ್ಲೆಗಳ ಎಷ್ಟೋ ಸಣ್ಣ ಸಂಸ್ಥೆಗಳಲ್ಲಿ ಇದೇ ತಪ್ಪು ನೋಡಿದ್ದೇನೆ. ಅದಕ್ಕೇ ಈ ಲೇಖನ.

ಹಾಗಂತ ಪಟ್ಟಿಯನ್ನು ಯಾರಿಗೂ ಕೊಡಲೇಬೇಡಿ ಅನ್ನುತ್ತಿಲ್ಲ. ಅದೂ ಅನ್ಯಾಯವೇ. ಫ್ಲೋರೈಡ್ ನೀರು ಕುಡಿದು ಕಾಲು ಬಾಗಿದ ತಾತ ಒಬ್ಬರು ಕಣ್ಣಿನ ಶಿಬಿರದವರಿಗೆ ಒಂದು ಸಲ, ಊರುಗೋಲು ಕೊಡುವವರಿಗೆ ಒಂದು ಸಲ, ಪಿಂಚಣಿ ಅರ್ಜಿ ಬರೆಯುವವರಿಗೆ ಇನ್ನೊಂದು ಸಲ ಅದೇ ಕಥೆ ಹೇಳಬೇಕು, ಅದೇ ಕಾಗದದ ಜೆರಾಕ್ಸ್ ಕೊಡಬೇಕು. ಸಂಸ್ಥೆಗಳು ಒಂದಕ್ಕೊಂದು ಮಾತಾಡಿಕೊಂಡರೆ ತಾತನಿಗೆ ಎರಡು ಬಸ್ ಚಾರ್ಜು ಉಳಿಯುತ್ತದೆ. ಮಾತಾಡಿಕೊಳ್ಳುವ ರೀತಿ ಸರಿ ಇರಬೇಕು, ಅಷ್ಟೇ.

ಮೊದಲು ಪ್ರಶ್ನೆ ಬರೆಯಿರಿ

ಕಂಪ್ಯೂಟರ್ ಆನ್ ಮಾಡುವ ಮುಂಚೆ ಒಂದು ಹಾಳೆಯಲ್ಲಿ ಒಂದೇ ಸಾಲು ಬರೆಯಿರಿ: ಈ ಮಾಹಿತಿ ಯಾಕೆ ಬೇಕು? ‘ಸುಮ್ನೆ ಇರಲಿ, ಮುಂದೆ ಬೇಕಾಗಬಹುದು’ ಅನ್ನುವುದು ಉತ್ತರ ಅಲ್ಲ. ‘ಗುಡಿಬಂಡೆ ತಾಲ್ಲೂಕಿನಲ್ಲಿ ಅಂಗವಿಕಲರ ಗುರುತಿನ (ಯುಡಿಐಡಿ) ಕಾರ್ಡ್ ಸಿಗದವರು ಎಷ್ಟು ಜನ’ ಅನ್ನುವುದು ಪ್ರಶ್ನೆ. ಗಮನಿಸಿ, ಇದಕ್ಕೆ ಪಟ್ಟಿಯೇ ಬೇಡ, ಎಣಿಕೆ ಸಾಕು. ನನ್ನ ಅನುಭವದಲ್ಲಿ ಅರ್ಧಕ್ಕರ್ಧ ಕೋರಿಕೆಗಳು ಇಲ್ಲೇ ಮುಗಿದುಹೋಗುತ್ತವೆ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸೇವಾ ಸಂಸ್ಥೆಗಳ ಮಾಹಿತಿ ಹಂಚಿಕೆಯನ್ನೇ ಅಧ್ಯಯನ ಮಾಡುವ ಒಂದು ಕೇಂದ್ರ ಇದೆ. ಅವರು ಶುರುವಿನಲ್ಲಿ ಕೇಳುವ ಪ್ರಶ್ನೆಗಳು ನಮ್ಮ ಯಾವ ಹೋಬಳಿಗೂ ಹೊಂದುತ್ತವೆ: ಇದಕ್ಕೆ ಕಾನೂನು ಒಪ್ಪುತ್ತದಾ? ಮಾಡುವುದು ನ್ಯಾಯವಾ? ಇದರಿಂದ ಒಳ್ಳೆಯದಾಗುತ್ತದಾ? ಹಾಗೆಂದು ತೀರ್ಮಾನಿಸುವವರು ಯಾರು? ನಮ್ಮಲ್ಲಿ ಕೊನೆಯ ಪ್ರಶ್ನೆಗೆ ಉತ್ತರ ‘ಆಫೀಸಿನಲ್ಲಿ ಅವತ್ತು ಯಾರಿದ್ದರೋ ಅವರು’. ಹೀಗಾಗಬಾರದು. ಎರಡೂ ಸಂಸ್ಥೆಗಳಲ್ಲಿ ಒಬ್ಬೊಬ್ಬರನ್ನು ಜವಾಬ್ದಾರರನ್ನಾಗಿ ಮಾಡಿ. ಅವರ ಸಹಿ ಇಲ್ಲದೆ ಒಂದು ಸಾಲೂ ಹೊರಗೆ ಹೋಗಬಾರದು.

ಒಪ್ಪಿಗೆ ಕೇಳಿ, ಹೆಬ್ಬೆಟ್ಟು ಒತ್ತಿಸಿಕೊಂಡು ಹೋಗಬೇಡಿ

ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಅರ್ಜಿ ಹಾಕಿದವರು ನಮ್ಮ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮುಂದೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂತು, 2025ರ ನವೆಂಬರ್‌ನಲ್ಲಿ ಅದರ ನಿಯಮಗಳು ಬಂದವು. ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ‘ನಮ್ಮದೆಲ್ಲ ರಿಜಿಸ್ಟರ್ ಪುಸ್ತಕದಲ್ಲಿದೆ, ನಮಗೇನು’ ಅಂತ ನಗಬೇಡಿ. ಆ ಪುಸ್ತಕದ ಹಾಳೆಯನ್ನು ಮೊಬೈಲಿನಲ್ಲಿ ಫೋಟೊ ಹೊಡೆದರೆ ಅದೂ ಡಿಜಿಟಲ್ಲೇ.

ಈ ಕಾಯ್ದೆಯ ಪ್ರಕಾರ ಮಾಹಿತಿ ಯಾಕೆ ಬೇಕು ಅನ್ನುವ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಜನ ತಮಗೆ ಬೇಕಾದುದರಲ್ಲಿ ಓದಲು ಅವಕಾಶ ಇರಬೇಕು. ಕನ್ನಡವೂ ಅದರಲ್ಲಿದೆ, ತೆಲುಗೂ ಇದೆ. ಬಾಗೇಪಲ್ಲಿ, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವ ಅಜ್ಜಿಗೆ ಇಂಗ್ಲಿಷ್ ಫಾರಂ ತೋರಿಸಿ ಹೆಬ್ಬೆಟ್ಟು ಒತ್ತಿಸಿಕೊಂಡರೆ ಅದು ಒಪ್ಪಿಗೆ ಅಲ್ಲ. ಅಜ್ಜಿಯ ಮಾತಿನಲ್ಲೇ ಹೇಳಿ. ನಾನು ಹೇಳುವುದು ಹೀಗೆ: ‘ಅಜ್ಜಿ, ನಿಮ್ಮ ಕಣ್ಣಿನ ವಿಷಯ ಕನ್ನಡಕ ಕೊಡುವವರಿಗೆ ತಿಳಿಸಲಾ? ಅವರಿಗೆ ಮಾತ್ರ. ಬೇಡ ಅಂದರೂ ನಮ್ಮ ಔಷಧಿ ನಿಲ್ಲಲ್ಲ. ಇವತ್ತು ಹೂಂ ಅಂದು ನಾಳೆ ಬೇಡ ಅಂದರೂ ಸರಿ.’ ಔಷಧಿ ನಿಲ್ಲಲ್ಲ ಅನ್ನುವ ಮಾತು ಬಿಟ್ಟರೆ ಎಲ್ಲರೂ ಹೂಂ ಅಂದೇ ಅನ್ನುತ್ತಾರೆ, ಭಯಕ್ಕೆ. 18 ತುಂಬದವರಾದರೆ ಹೆತ್ತವರ ಅಥವಾ ಪೋಷಕರ ಒಪ್ಪಿಗೆ ಬೇಕು.

ಎಚ್‌ಐವಿ ಇರುವವರ ಪಟ್ಟಿಯನ್ನು ಈ ವ್ಯವಹಾರಕ್ಕೇ ತರಬೇಡಿ. 2017ರ ಪ್ರತ್ಯೇಕ ಕಾಯ್ದೆ ಅವರ ಗುಟ್ಟು ಕಾಯುತ್ತದೆ. ಮಕ್ಕಳ ಮೇಲಿನ ದೌರ್ಜನ್ಯದ ಪ್ರಕರಣಗಳೂ ಅಷ್ಟೇ, ಅದಕ್ಕೆ ಬೇರೆ ದಾರಿ ಇದೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಪಟ್ಟಿ ಮಾಡಬೇಡಿ.

ಪಟ್ಟಿಯನ್ನು ತೆಳು ಮಾಡುವುದು

ಎಲ್ಲರೂ ಮುಗ್ಗರಿಸುವುದು ಇಲ್ಲಿ. ನಿಧಾನವಾಗಿ ಓದಿ.

ಹೆಸರಿನ ಕಾಲಂ ಅಳಿಸಿದರೆ ಕೆಲಸ ಮುಗಿಯಿತು ಅಂತ ಜನ ಅಂದುಕೊಳ್ಳುತ್ತಾರೆ. ಅಮೆರಿಕದ ಮ್ಯಾಸಚೂಸೆಟ್ಸ್ ಸರ್ಕಾರವೂ 1990ರ ದಶಕದಲ್ಲಿ ಹಾಗೇ ಅಂದುಕೊಂಡಿತ್ತು. ಸರ್ಕಾರಿ ನೌಕರರ ಆಸ್ಪತ್ರೆ ದಾಖಲೆಗಳನ್ನು ಹೆಸರು ತೆಗೆದು ಸಂಶೋಧಕರಿಗೆ ಕೊಟ್ಟರು. ಲಟಾನ್ಯಾ ಸ್ವೀನಿ ಅನ್ನುವ ವಿದ್ಯಾರ್ಥಿನಿ 20 ಡಾಲರ್ ಕೊಟ್ಟು ಕೇಂಬ್ರಿಡ್ಜ್ ಊರಿನ ಮತದಾರರ ಪಟ್ಟಿ ಕೊಂಡರು. ಅಲ್ಲಿನ ಗವರ್ನರ್ ವಿಲಿಯಂ ವೆಲ್ಡ್ ಹುಟ್ಟಿದ ದಿನವೇ ಹುಟ್ಟಿದವರು ಆ ಊರಿನಲ್ಲಿ ಆರು ಜನ. ಅವರಲ್ಲಿ ಗಂಡಸರು ಮೂವರು. ಅದೇ ಪಿನ್‌ಕೋಡಿನವರು ಒಬ್ಬರೇ. ಗವರ್ನರ್ ಸಾಹೇಬರ ಕಾಯಿಲೆ ಪಟ್ಟಿ ಕೈಗೆ ಸಿಕ್ಕಿತು. ನಮ್ಮಲ್ಲಿ ಮತದಾರರ ಪಟ್ಟಿಗೆ ದುಡ್ಡೂ ಕೊಡಬೇಕಿಲ್ಲ. ಮನೆ ನಂಬರ್, ವಯಸ್ಸು, ಗಂಡನ ಹೆಸರು ಎಲ್ಲ ಇರುವ ಪಟ್ಟಿ ಅಂತರ್ಜಾಲದಲ್ಲೇ ಇದೆ.

ಹಾಗಾಗಿ ಒಂದೊಂದೇ ಕಾಲಂ ನೋಡಿ. ಆಧಾರ್ ನಂಬರ್, ಫೋನ್ ನಂಬರ್, ರೇಷನ್ ಕಾರ್ಡ್ ನಂಬರ್, ಫೋಟೊ, ಮನೆ ಗುರುತು: ಪೂರ್ತಿ ತೆಗೆಯಿರಿ. ಹುಟ್ಟಿದ ತಾರೀಕಿನ ಬದಲು ವಯಸ್ಸಿನ ಗುಂಪು ಹಾಕಿ, 20ರಿಂದ 29, 60ರ ಮೇಲೆ, ಹೀಗೆ. ಊರಿನ ಬದಲು ಗ್ರಾಮ ಪಂಚಾಯ್ತಿ. ಪಂಚಾಯ್ತಿಯೂ ಸಣ್ಣದಾದರೆ ಹೋಬಳಿ. ಜಾತಿ ಬೇಕೇಬೇಕು ಅನ್ನುವವರಿದ್ದಾರೆ. ಊರಿಗೊಂದೇ ಮಡಿವಾಳರ ಮನೆ ಇರುವ ಕಡೆ ಜಾತಿ ಬರೆದರೆ ಹೆಸರು ಬರೆದ ಹಾಗೇ ಅಲ್ವಾ?

ಎಲ್ಲಕ್ಕಿಂತ ಅಪಾಯದ ಕಾಲಂ ಕೊನೆಯಲ್ಲಿರುವ ‘ಷರಾ’. ಕಾರ್ಯಕರ್ತೆಯರು ಮನಸ್ಸಿನ ಮಾತೆಲ್ಲ ಅಲ್ಲೇ ಬರೆಯುತ್ತಾರೆ. ‘ಗಂಡ ಕುಡಿಯುತ್ತಾನೆ’, ‘ಅಂಗನವಾಡಿ ಟೀಚರ ತಂಗಿ’, ‘ಮಾಜಿ ಮೆಂಬರ್ ಸೊಸೆ’. ನಾನಂತೂ ಷರಾ ಕಾಲಂ ಓದುವುದೇ ಇಲ್ಲ, ನೇರವಾಗಿ ತೆಗೆದುಹಾಕುತ್ತೇನೆ. ನೀವೂ ಹಾಗೇ ಮಾಡಿ. ಅದರಲ್ಲಿ ಬೇಕಾದ ವಿಷಯ ಇದೆ ಅನ್ನಿಸಿದರೆ ಅದಕ್ಕೆ ಹೌದು/ಇಲ್ಲ ಅನ್ನುವ ಬೇರೆ ಕಾಲಂ ಮಾಡಿ.

ಇನ್ನೊಂದು ಮಾತು. ಎಕ್ಸೆಲ್‌ನಲ್ಲಿ ಕಾಲಂ ಅನ್ನು ‘ಹೈಡ್’ ಮಾಡಿದರೆ ಅದು ಹೋಗಲ್ಲ, ಬಾಗಿಲ ಹಿಂದೆ ನಿಂತಿರುತ್ತದೆ. ಪಡೆದವರು ಎರಡು ಕ್ಲಿಕ್‌ನಲ್ಲಿ ಹೊರಗೆ ಕರೆಯುತ್ತಾರೆ. ಎರಡನೇ ಶೀಟಿನಲ್ಲಿ ಪೂರ್ತಿ ಪಟ್ಟಿ ಹಾಗೇ ಉಳಿದ ಫೈಲುಗಳನ್ನೂ ಕಂಡಿದ್ದೇನೆ. ಬೇಕಾದ ಕಾಲಂಗಳನ್ನಷ್ಟೇ ಹೊಸ ಫೈಲಿಗೆ ಕಾಪಿ ಮಾಡಿ, ಅದನ್ನು ಕಳಿಸಿ. ಹಳೆಯದರಲ್ಲಿ ಅಳಿಸುತ್ತಾ ಕೂರಬೇಡಿ.

ಈಗ ಪರೀಕ್ಷೆ. ಉಳಿದ ಕಾಲಂಗಳನ್ನು, ಯಾವ ಗುಂಪಿನಲ್ಲಿ ಎಷ್ಟು ಜನ ಅಂತ ಎಕ್ಸೆಲ್ ಎಣಿಸಿಕೊಡುವ ಪಿವಟ್ ಟೇಬಲ್‌ಗೆ ಹಾಕಿ: ಪಂಚಾಯ್ತಿ, ವಯಸ್ಸಿನ ಗುಂಪು, ಗಂಡು/ಹೆಣ್ಣು, ತೊಂದರೆ. ಯಾವ ಜೋಡಣೆಯಲ್ಲಿ ಒಬ್ಬರೋ ಇಬ್ಬರೋ ಬರುತ್ತಾರೋ ಅವರು ಸಿಕ್ಕಿಬೀಳುತ್ತಾರೆ. 5ಕ್ಕಿಂತ ಕಡಿಮೆ ಇದ್ದರೆ ಮುಚ್ಚಿ ಅಂತ ಹೇಳುವವರಿದ್ದಾರೆ. ನಮ್ಮ ಊರುಗಳಿಗೆ ನನ್ನ ಲೆಕ್ಕ 10. ಅಷ್ಟಾಗುವವರೆಗೂ ಗುಂಪುಗಳನ್ನು ಸೇರಿಸುತ್ತಾ ಹೋಗಿ. ಸಣ್ಣ ಸಂಖ್ಯೆಯನ್ನು ಮುಚ್ಚಿ ಒಟ್ಟು ಮೊತ್ತವನ್ನು ಕೆಳಗೆ ಬಿಟ್ಟರೆ ಏನೂ ಪ್ರಯೋಜನ ಇಲ್ಲ. ಮೊದಲ ಊರಿನಲ್ಲಿ 14, ಎರಡನೆಯದರಲ್ಲಿ 22, ಮೂರನೆಯದರಲ್ಲಿ ಗೆರೆ, ಒಟ್ಟು 38. ಮೂರನೆಯದರಲ್ಲಿ ಇಬ್ಬರು ಅಂತ ಮೂರನೇ ಕ್ಲಾಸಿನ ಹುಡುಗ ಹೇಳುತ್ತಾನೆ.

ಕೊನೆಗೆ, ಪೂರ್ತಿ ಪಟ್ಟಿಯನ್ನು ಮೊದಲೇ ನೋಡಿರುವ ನಿಮ್ಮದೇ ಕಾರ್ಯಕರ್ತೆಗೆ ಹತ್ತು ಸಾಲು ತೋರಿಸಿ ‘ಇವರು ಯಾರು ಹೇಳಮ್ಮ’ ಅಂತ ಕೇಳಿ. ಒಬ್ಬರ ಹೆಸರು ಹೇಳಿದರೂ ಪಟ್ಟಿ ಇನ್ನೂ ದಪ್ಪ ಇದೆ ಅಂತ ಅರ್ಥ.

ಎರಡು ಪಟ್ಟಿ ಹೊಂದಿಸಬೇಕಾದಾಗ

ಒಬ್ಬೊಬ್ಬರಿಗೂ ಸೇವೆ ತಲುಪಿಸಲೇಬೇಕು, ನಿಮ್ಮ ಪಟ್ಟಿಯಲ್ಲಿರುವವರು ಅವರ ಪಟ್ಟಿಯಲ್ಲೂ ಇದ್ದಾರಾ ನೋಡಬೇಕು ಅಂದರೆ ಹೆಸರು ಬೇಕೇ ಬೇಕು. ಕೋಲಾರ ಸೀಮೆಯಲ್ಲಿ ಈ ಕೆಲಸದ ಕಷ್ಟ ಗೊತ್ತಲ್ಲ. ಒಂದೇ ಊರಿನಲ್ಲಿ ಮುನಿಯಪ್ಪ, ಮುನಿಶಾಮಪ್ಪ, ಮುನಿವೆಂಕಟಪ್ಪ, ಮತ್ತೆ ಇನ್ನೊಬ್ಬ ಮುನಿಯಪ್ಪ. ರೇಷನ್ ಕಾರ್ಡಿನಲ್ಲಿ ಮುನಿವೆಂಕಟಮ್ಮ, ಆಧಾರ್‌ನಲ್ಲಿ ವೆಂಕಟಮ್ಮ, ಮನೆಯಲ್ಲಿ ಕರೆಯುವುದು ಪಾಪಮ್ಮ. ಹುಟ್ಟಿದ ತಾರೀಕು ನೋಡೋಣ ಅಂದರೆ ನಮ್ಮ ಹಿರಿಯರಲ್ಲಿ ಜನವರಿ 1ಕ್ಕೆ ಹುಟ್ಟಿದವರೇ ತುಂಬಿದ್ದಾರೆ.

ನನ್ನ ವಿಧಾನ ಹಳೇ ಕಾಲದ್ದು. ಎರಡೂ ಸಂಸ್ಥೆಯ ಜವಾಬ್ದಾರರು ಒಂದು ಟೇಬಲ್ಲಿನ ಎರಡು ಬದಿ ಕೂರಲಿ. ಅವರವರ ಪಟ್ಟಿ ಅವರವರ ಎದುರಿಗೇ ಇರಲಿ. ಒಪ್ಪಿಗೆ ಕೊಟ್ಟವರ ಹೆಸರು, ಗಂಡನ ಅಥವಾ ತಂದೆಯ ಹೆಸರು, ಊರು ಮಾತ್ರ ಓದಿ ಹೇಳಿ, ಕಾಯಿಲೆ ಹೇಳಬೇಡಿ. ಹೊಂದಿದರೆ ಇಬ್ಬರೂ ಒಂದೇ ಸಂಕೇತ ಸಂಖ್ಯೆ ಬರೆದುಕೊಳ್ಳಲಿ, ಕೆ-001, ಕೆ-002. ಮುಂದೆ ಓಡಾಡುವುದು ಆ ಸಂಖ್ಯೆ ಮಾತ್ರ. ಯಾವ ಸಂಖ್ಯೆ ಯಾರದು ಅನ್ನುವ ಪುಸ್ತಕ ಬೀರುವಿನಲ್ಲಿರಲಿ. ಇನ್ನೂರು ಮುನ್ನೂರು ಹೆಸರಿಗೆ ಒಂದು ದಿನ, ಎರಡು ಸಲ ಟೀ ಸಾಕು.

ಫೋನ್ ನಂಬರಿನ ಕೊನೆಯ ನಾಲ್ಕು ಅಂಕಿಯನ್ನೇ ಸಂಕೇತ ಮಾಡುವ ಜಾಣರಿದ್ದಾರೆ. ಅವರ ನಂಬರ್ ತಮ್ಮ ಫೋನಿನಲ್ಲಿ ಇರುವ ಯಾರಿಗೂ ಅದು ಬಿಡಿಸಲು ಬರುತ್ತದೆ. ಕಂಪ್ಯೂಟರ್ ಬಲ್ಲ ಹುಡುಗರು ‘ನಂಬರನ್ನು ಹ್ಯಾಶ್ ಮಾಡಿದ್ದೀವಿ ಸಾರ್, ಯಾರಿಗೂ ಗೊತ್ತಾಗಲ್ಲ’ ಅನ್ನುತ್ತಾರೆ. ಹ್ಯಾಶ್ ಅಂದರೆ ನಂಬರನ್ನು ಒಂದು ಸೂತ್ರಕ್ಕೆ ಹಾಕಿ ಗುರುತು ಸಿಗದ ಅಕ್ಷರಗಳ ಸಾಲು ಮಾಡುವುದು; ಅದೇ ನಂಬರಿಗೆ ಯಾವಾಗಲೂ ಅದೇ ಸಾಲು ಬರುತ್ತದೆ. ನಮ್ಮ ಮೊಬೈಲ್ ನಂಬರುಗಳು 6, 7, 8, 9ರಿಂದ ಶುರುವಾಗುವ ಹತ್ತು ಅಂಕಿ. ಅಂದರೆ ಎಲ್ಲ ಸೇರಿ 400 ಕೋಟಿ. ಅಷ್ಟನ್ನೂ ಒಂದೊಂದಾಗಿ ಹ್ಯಾಶ್ ಮಾಡಿ ನೋಡುವುದು ಕಂಪ್ಯೂಟರಿಗೆ ದೊಡ್ಡ ಕೆಲಸವೇ ಅಲ್ಲ. ಗುಟ್ಟಿನ ಪದವೊಂದನ್ನು ಸೇರಿಸಿ ಹ್ಯಾಶ್ ಮಾಡಿದ್ದೀರಾ, ಆ ಪದ ಯಾರ ಹತ್ತಿರ ಇದೆ ಅಂತ ಕೇಳಿ. ತಡವರಿಸಿದರೆ ಟೇಬಲ್ಲಿಗೇ ವಾಪಸ್ ಬನ್ನಿ.

ಕರಾರು ಎರಡೇ ಪುಟ

ಏನು ಕೊಟ್ಟೆವು, ಯಾಕೆ ಕೊಟ್ಟೆವು, ಅಲ್ಲಿ ಯಾರು ನೋಡಬಹುದು, ಮೂರನೆಯವರಿಗೆ ಕೊಡುವ ಹಾಗಿಲ್ಲ, ಸೋರಿದರೆ ಯಾರಿಗೆ ಹೇಳಬೇಕು, ಯಾವತ್ತು ಅಳಿಸಬೇಕು. ಇಷ್ಟು ಕನ್ನಡದಲ್ಲಿ ಬರೆದು ಸಹಿ ಮಾಡಿ. ಅಂತರ್ಜಾಲದ ನಮೂನೆ ನಕಲು ಮಾಡಬೇಡಿ. ನಾನು ನೋಡಿದ ಒಂದು ಕರಾರಿನಲ್ಲಿ, ಮುಳಬಾಗಿಲಿನ ಎರಡು ಸಂಸ್ಥೆಗಳ ನಡುವೆ ವಿವಾದ ಬಂದರೆ ಲಂಡನ್ ಕೋರ್ಟಿಗೆ ಹೋಗಬೇಕು ಅಂತಿತ್ತು.

ಕಳಿಸುವಾಗ

ವಾಟ್ಸಾಪ್ ಬೇಡ. ಗ್ರೂಪಂತೂ ಬೇಡವೇ ಬೇಡ. ಫೈಲಿಗೆ ಪಾಸ್‌ವರ್ಡ್ ಹಾಕಿ ಇಮೇಲ್ ಮಾಡಿ, ಪಾಸ್‌ವರ್ಡನ್ನು ಫೋನ್ ಮಾಡಿ ಬಾಯಲ್ಲಿ ಹೇಳಿ. ಸಂಸ್ಥೆಯ ಹೆಸರಿನ ಮುಂದೆ 123 ಸೇರಿಸಿದ್ದು ಪಾಸ್‌ವರ್ಡ್ ಅಲ್ಲ. ಗೂಗಲ್ ಶೀಟ್ ಬಳಸುವುದಾದರೆ ‘ಲಿಂಕ್ ಇರುವ ಎಲ್ಲರೂ ನೋಡಬಹುದು’ ಅನ್ನುವುದನ್ನು ಒತ್ತಬೇಡಿ, ಇಮೇಲ್ ವಿಳಾಸ ಹಾಕಿಯೇ ಕೊಡಿ. ಪುಕ್ಕಟೆ ಸ್ಕ್ಯಾನರ್ ಆಪ್‌ಗಳನ್ನು ನಾನು ನಂಬುವುದಿಲ್ಲ, ನೀವು ತೆಗೆದ ಕಾಗದ ಎಲ್ಲಿ ಹೋಗಿ ಕೂರುತ್ತದೆ ಅಂತ ಅವು ಹೇಳುವುದಿಲ್ಲ.

ಬಸ್ ಸ್ಟ್ಯಾಂಡ್ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸುವುದು ಇನ್ನೊಂದು ತೂತು. ಅಲ್ಲಿನ ಕಂಪ್ಯೂಟರಿನ ಡೌನ್‌ಲೋಡ್ಸ್ ತೆರೆದರೆ ಅರ್ಧ ತಾಲ್ಲೂಕಿನ ಆಧಾರ್ ಸಿಗುತ್ತದೆ. ಪ್ರಿಂಟರ್ ಇಲ್ಲದಿದ್ದರೆ ಪ್ರಿಂಟ್ ಇಲ್ಲದೆಯೇ ಕೆಲಸ ಮಾಡಿ.

ಅಳಿಸುವ ದಿನ

ಕರಾರಿನಲ್ಲಿ ಬರೆದ ತಾರೀಕನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಆ ದಿನ ಫೈಲು ಅಳಿಸಿ, ರಿಸೈಕಲ್ ಬಿನ್ ಖಾಲಿ ಮಾಡಿ, ಇಮೇಲಿನ ‘ಸೆಂಟ್’ ನೋಡಿ, ಫೋನಿನ ಗ್ಯಾಲರಿ ನೋಡಿ, ಆ ಕಡೆಯವರಿಂದ ‘ಅಳಿಸಿದ್ದೇವೆ’ ಅಂತ ಒಂದು ಸಾಲು ಬರೆಸಿಕೊಳ್ಳಿ.

ಕಾಗದವನ್ನು ಗುಜರಿಗೆ ಹಾಕಬೇಡಿ, ಹರಿದು ನೀರಲ್ಲಿ ನೆನೆಸಿ ಮುದ್ದೆ ಮಾಡಿ. ಒಂದು ಸಲ ಕೋಲಾರದಲ್ಲಿ ಬಸ್ಸಿಗೆ ಕಾಯುತ್ತಾ ಹುರಿದ ಕಡ್ಲೆಕಾಯಿ ಕೊಂಡೆ. ಪೊಟ್ಟಣ ಬಿಡಿಸಿದರೆ ಒಳಗೆ ಯಾವುದೋ ಶಿಬಿರದ ಹಾಜರಿ ಹಾಳೆ. ಹೆಸರು, ಊರು, ಸಕ್ಕರೆ ಎಷ್ಟು, ಬಿಪಿ ಎಷ್ಟು, ಷರಾ ಸಮೇತ.