ಕಸೂತಿ ಸೀರೆಗೆ ಇನ್‌ಸ್ಟಾಗ್ರಾಂ ಕ್ಯಾಲೆಂಡರ್: ಹಬ್ಬದಿಂದ ಹಿಂದಕ್ಕೆ ಎಣಿಸಿ

ಹಬ್ಬಕ್ಕೆ ವಾರವಿರುವಾಗ ಕಸೂತಿ ಸೀರೆಯ ಫೋಟೊ ಹಾಕಿದರೆ ಲೈಕ್ ಬರುತ್ತದೆ, ಆರ್ಡರ್ ಬರುವುದಿಲ್ಲ. ಬಂದರೂ ಕಸೂತಿ ಹಾಕಿ ಮುಗಿಸಲು ದಿನ ಉಳಿದಿರುವುದಿಲ್ಲ. ಕೈಕೆಲಸದ ಉದ್ಯಮದಲ್ಲಿ ಪೋಸ್ಟಿನ ದಿನವನ್ನು ಸೂಜಿ ಹಿಡಿಯುವ ಕೈಗಳ ಲೆಕ್ಕದಿಂದಲೇ ಗೊತ್ತುಮಾಡಬೇಕು.

2026ರ ದೀಪಾವಳಿಯನ್ನೇ ತೆಗೆದುಕೊಳ್ಳಿ. ನರಕ ಚತುರ್ದಶಿ ನವೆಂಬರ್ 8ಕ್ಕೆ. ಗ್ರಾಹಕರು ಬ್ಲೌಸ್ ಹೊಲಿಸಿಕೊಳ್ಳಲು 10 ದಿನ, ಕೊರಿಯರ್‌ಗೆ 5 ದಿನ ಬಿಟ್ಟರೆ ಸೀರೆ ಅಕ್ಟೋಬರ್ 24ಕ್ಕೆ ನಿಮ್ಮ ಮನೆಯಿಂದ ಹೊರಡಬೇಕು. ಸೆರಗಿನ ಕೆಲಸಕ್ಕೆ ಒಬ್ಬರಿಗೆ 15 ದಿನ ಹಿಡಿಯುತ್ತದೆ, ಹಾಕುವವರು ಇಬ್ಬರಿದ್ದಾರೆ ಎಂದಿಟ್ಟುಕೊಳ್ಳಿ. ನಾಲ್ಕು ಸೀರೆಗೆ 30 ದಿನ. ಅಂದರೆ ಸೆಪ್ಟೆಂಬರ್ 24ಕ್ಕೆ ಆರ್ಡರ್ ನಿಲ್ಲಿಸಬೇಕು. ಅದಾದ ಎರಡು ಮೂರು ದಿನಕ್ಕೇ ಪಿತೃಪಕ್ಷ. ಅಕ್ಟೋಬರ್ 10ರ ಮಹಾಲಯ ಅಮಾವಾಸ್ಯೆವರೆಗೆ ಎಷ್ಟೋ ಮನೆಗಳಲ್ಲಿ ಹೊಸ ಬಟ್ಟೆಯ ಮಾತೇ ಎತ್ತುವುದಿಲ್ಲ. ಹಾಗಾಗಿ ಮಾರಾಟದ ಪೋಸ್ಟುಗಳಿಗೆ ಸಿಗುವುದು ಶ್ರಾವಣ ಹುಟ್ಟುವ ಆಗಸ್ಟ್ 13ರಿಂದ ಆರು ವಾರ ಮಾತ್ರ.

ಈ ತಾರೀಕುಗಳನ್ನು ಬರೆದಿಡುವ ಹಿಂದಿನ ವರ್ಷದ ಕ್ಯಾಲೆಂಡರ್ ಶೀಟನ್ನೇ ನಕಲು ಮಾಡಬೇಡಿ. 2025ರಲ್ಲಿ ನರಕ ಚತುರ್ದಶಿ ಅಕ್ಟೋಬರ್ 20ಕ್ಕೇ ಬಂದಿತ್ತು. 2026ರಲ್ಲಿ ಅಧಿಕ ಜ್ಯೇಷ್ಠ ಇರುವುದರಿಂದ 19 ದಿನ ಮುಂದೆ ಹೋಗಿದೆ. ಪಂಚಾಂಗ ಪಕ್ಕದಲ್ಲಿಟ್ಟುಕೊಂಡೇ ಶೀಟ್ ತೆರೆಯಿರಿ.

ವಾರಕ್ಕೆ ಮೂರು ಪೋಸ್ಟ್ ಸಾಕು, ತಿಂಗಳಿಗೆ 12. ಅದರಲ್ಲಿ ಐದು ಕೆಲಸ ನಡೆಯುವಾಗಿನವು, ಮೂರು ವಿನ್ಯಾಸದ ಬಗ್ಗೆ (ತೇರು, ಆನೆ, ತುಳಸಿಕಟ್ಟೆ), ಎರಡು ಬೆಲೆ ಸಮೇತ ಸಿದ್ಧ ಸೀರೆಯವು, ಒಂದು ಅನುಮತಿ ಪಡೆದ ಗ್ರಾಹಕರ ಫೋಟೊ. ಉಳಿದೊಂದು ದಿನ ಖಾಲಿ ಬಿಡಿ. ಕರೆಂಟ್ ಹೋಗುವುದು, ಜ್ವರ ಬರುವುದು ಇದ್ದದ್ದೇ.

ಹೆಚ್ಚಿನವರು ಸೋಲುವುದು ಚಿತ್ರೀಕರಣದಲ್ಲಿ. ಸೀರೆ ಮುಗಿದ ಮೇಲೆ ಫೋನ್ ಎತ್ತುತ್ತಾರೆ. ಕಸೂತಿಯ ಗವಂತಿ ಹೊಲಿಗೆಯಲ್ಲಿ ಹಾಕಿದ ಗೋಪುರದ ವಿನ್ಯಾಸವನ್ನು ನೋಡಿ: ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಮರಳುವಾಗ ಬಿಟ್ಟ ಜಾಗ ತುಂಬುತ್ತದೆ, ಗಂಟಿಲ್ಲ, ಬಟ್ಟೆ ತಿರುವಿದರೆ ಹಿಂದೆಯೂ ಅದೇ ಗೋಪುರ. ಆ ತಿರುವುವ ಎಂಟು ಸೆಕೆಂಡಿನ ರೀಲ್ ಯಂತ್ರದ ಕಸೂತಿಗೂ ನಿಮ್ಮದಕ್ಕೂ ಇರುವ ಅಂತರವನ್ನು ಮಾತಿಲ್ಲದೆ ತೋರಿಸುತ್ತದೆ. ಆದರೆ ಅರ್ಧ ತುಂಬಿದ ಗೋಪುರ ಆಮೇಲೆ ಬೇಕೆಂದರೂ ಸಿಗದು. ಅದಕ್ಕೇ ಪ್ರತಿ ಸೀರೆಗೂ ಮೊದಲ ದಿನ, ನಾಲ್ಕನೇ ದಿನ, ಒಂಬತ್ತನೇ ದಿನ, ಕೊನೆಯ ದಿನ ಎಂದು ಚಿತ್ರೀಕರಣದ ತಾರೀಕನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಬೆಳಿಗ್ಗೆ ಕಿಟಕಿ ಪಕ್ಕ ಕೂತು, ಫೋನ್ ನೆಟ್ಟಗೆ ನಿಲ್ಲಿಸಿ. ಕಪ್ಪು ಚಂದ್ರಕಾಳಿ ಸೀರೆಯನ್ನು ಫೋನ್ ಬೂದಿ ಬಣ್ಣ ಮಾಡಿಬಿಡುತ್ತದೆ. ಪರದೆಯಲ್ಲಿ ಬಟ್ಟೆಯ ಮೇಲೆ ಒತ್ತಿ ಬೆಳಕು ಇಳಿಸಿಕೊಳ್ಳಿ. ಟ್ಯೂಬ್‌ಲೈಟಿನಲ್ಲಿ ದಾರದ ಬಣ್ಣ ಬದಲಾಗಿ ಕಾಣುತ್ತದೆ, ಆಮೇಲೆ "ಫೋಟೊದಲ್ಲಿ ಹೀಗಿರಲಿಲ್ಲ" ಎಂದು ಸೀರೆ ವಾಪಸ್ ಬರುತ್ತದೆ.

ಶೀಟಿನಲ್ಲಿ ಆರು ಕಾಲಂ: ತಾರೀಕು, ಯಾವ ಸೀರೆ, ಫೈಲ್ ಹೆಸರು, ಬರಹ, ಬೆಲೆ, ಹಾಕಿದ್ದಾಯಿತೇ. ಭಾನುವಾರ ಕೂತು ಪೋಸ್ಟುಗಳನ್ನು ಮೊದಲೇ ಹೊಂದಿಸಿಡುವ ಮೆಟಾ ಬ್ಯುಸಿನೆಸ್ ಸೂಟ್‌ನಲ್ಲಿ ವಾರದ ಮೂರು ಪೋಸ್ಟನ್ನೂ ಶೆಡ್ಯೂಲ್ ಮಾಡಿ, ದುಡ್ಡು ಕೊಡಬೇಕಿಲ್ಲ. ಬ್ಯುಸಿನೆಸ್ ಖಾತೆಗೆ ಎಲ್ಲ ಸಿನಿಮಾ ಹಾಡು ಬಳಸಲು ಬಿಡುವುದಿಲ್ಲ, ರೀಲಿನ ದನಿ ಅಡಗಬಹುದು. ಬಟ್ಟೆಯಲ್ಲಿ ದಾರ ಎಳೆಯುವ ಸದ್ದೇ ಚೆನ್ನಾಗಿರುತ್ತದೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗಷ್ಟೇ ತಲುಪುತ್ತದೆ, ಮೊದಲೇ ಕೇಳಿಕೊಳ್ಳಿ.

ನಾಲ್ಕು ಆರ್ಡರ್ ತುಂಬಿದ ದಿನವೇ ಉಳಿದ ಮಾರಾಟದ ಪೋಸ್ಟುಗಳನ್ನು ತೆಗೆದು, ಪ್ರೊಫೈಲಿನಲ್ಲಿ "ದೀಪಾವಳಿ ಆರ್ಡರ್ ಮುಗಿದಿದೆ" ಎಂದು ಬರೆಯಿರಿ. ಐದನೆಯದನ್ನು ಒಪ್ಪಿಕೊಂಡರೆ ಅವಸರಕ್ಕೆ ಬಟ್ಟೆಯ ಎಳೆ ಎಣಿಕೆ ತಪ್ಪುತ್ತದೆ, ತೇರಿನ ಒಂದು ಬದಿ ಇನ್ನೊಂದಕ್ಕೆ ಕೂಡುವುದಿಲ್ಲ. ಬಿಚ್ಚಿ ಮತ್ತೆ ಹಾಕಬೇಕಾಗುತ್ತದೆ.