ಅಜ್ಜನ ಪೇಟಿಯನ್ನು ಮತ್ತೆ ಭಜನೆಗೆ ಕೂರಿಸುವುದು ಹೇಗೆ

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಭಜನಾ ಮೇಳ ನಡೆಸಿದ ಎಷ್ಟೋ ಮನೆಗಳಲ್ಲಿ ಅಜ್ಜನ ಹಾರ್ಮೋನಿಯಂ ಅಟ್ಟದ ಮೇಲೆ ಕುಳಿತಿರುತ್ತದೆ. ಮೊಮ್ಮಕ್ಕಳು ಅದನ್ನು ಇಳಿಸಿದ ದಿನವೇ ಸ್ಕ್ರೂ ಡ್ರೈವರ್ ಹಿಡಿಯಬಾರದು. ಆ ಮೇಳದಲ್ಲಿ ಹಾಡಿದ ಹಿರಿಯರೊಬ್ಬರು ಇದ್ದರೆ ಮೊದಲು ಅವರಿಂದ ನಾಲ್ಕು ಪದ ಹಾಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಅವರು ಷಡ್ಜವನ್ನು, ಅಂದರೆ ‘ಸ’ವನ್ನು, ಯಾವ ಕೀಗೆ ಹಿಡಿಯುತ್ತಾರೆ, ಬಿಳಿ 1ಕ್ಕೋ (ಸಪ್ತಕದ ಮೊದಲ ಬಿಳಿ ಕೀ) ಕರಿ 2ಕ್ಕೋ (ಎರಡನೆಯ ಕರಿ ಕೀ), ಬರೆದಿಡಿ. ಪೇಟಿ ಕೆಟ್ಟರೆ ರಿಪೇರಿಯಾಗುತ್ತದೆ, ಆ ಧಾಟಿ ಹೋದರೆ ಮತ್ತೆ ಸಿಗುವುದಿಲ್ಲ.

ಈಗ ಗಾಳಿ ಪರೀಕ್ಷೆ. ಎಲ್ಲ ಸ್ಟಾಪ್‌ಗಳನ್ನು (ಗಾಳಿದಾರಿ ತೆರೆದು ಮುಚ್ಚುವ ಮುಂದಿನ ಗುಬುಟುಗಳು) ಒಳಗೆ ತಳ್ಳಿ, ಯಾವ ಕೀಯನ್ನೂ ಒತ್ತದೆ ತಿದಿಯನ್ನು ಐದಾರು ಸಲ ಹಾಕಿ. ಒಳತಿದಿ ತುಂಬಿದ ಮೇಲೆ ಹೊರತಿದಿ ಬಿಗಿಯಾಗಿ ಎದುರು ಒತ್ತಬೇಕು. ಮೆತ್ತಗೆ ಕುಸಿದರೆ ಎಲ್ಲೋ ಸೋರಿಕೆಯಿದೆ. ಒದ್ದೆ ಬೆರಳನ್ನು ಮಡಿಕೆಗಳ ಮೂಲೆಯ ಬಳಿ ಆಡಿಸಿದರೆ ತಣ್ಣನೆ ಗಾಳಿ ತಾಗಿ ಜಾಗ ಗೊತ್ತಾಗುತ್ತದೆ. ಇಲಿ ಕಡಿಯುವುದೂ ಹೆಚ್ಚಾಗಿ ಆ ಮೂಲೆಗಳನ್ನೇ. ತೆಳು ಆಡಿನ ಚರ್ಮದ ತೇಪೆಯನ್ನು ಬಡಗಿಗಳು ಕಾಯಿಸಿ ಹಚ್ಚುವ ಮರವಜ್ರದ ಅಂಟಿನಿಂದ ಅಂಟಿಸಿ, ಒಂದು ದಿನ ಒಣಗಲು ಬಿಡಿ. ಫೆವಿಕಾಲ್ ಬೇಡ: ಮಡಿಕೆ ಗಡುಸಾಗಿ ಬಿರಿಯುತ್ತದೆ, ಮುಂದೆ ತೇಪೆ ಬಿಡಿಸಹೋದರೆ ಚರ್ಮವೇ ಕಿತ್ತು ಬರುತ್ತದೆ.

ನಮ್ಮ ಬೇಸಿಗೆಯ ಒಣ ಬಿಸಿಲಿಗೆ ಮರ ಕುಗ್ಗಿ, ರೀಡುಗಳನ್ನು (ಗಾಳಿಗೆ ಅದುರಿ ಸ್ವರ ಕೊಡುವ ಹಿತ್ತಾಳೆ ನಾಲಗೆಗಳು) ಕೂರಿಸಿದ ಹಲಗೆಯ ಸ್ಕ್ರೂಗಳು ಸಡಿಲವಾಗುತ್ತವೆ. ಒಂದೇ ರೀಡು ಅಲ್ಲ, ಸಾಲಾಗಿ ನಾಲ್ಕೈದು ಸ್ವರ ಸೊರಗಿದ್ದರೆ ಕಾರಣ ಬಹುಪಾಲು ಇದೇ. ಬೆರಳಿಗೆ ಬಿಗಿಯೆನಿಸುವಷ್ಟು ಮಾತ್ರ ತಿರುಗಿಸಿ. ತೂತು ಸವೆದಿದ್ದರೆ ಬೆಂಕಿಕಡ್ಡಿ ತುಂಡಿಗೆ ಅಂಟು ಹಚ್ಚಿ ತುಂಬಿಸಿ, ಒಣಗಿದ ಮೇಲೆ ಸ್ಕ್ರೂ ಹಾಕಿ.

ರೀಡಿನ ಕೆಲಸಕ್ಕೆ ತಾಳ್ಮೆ ಬೇಕು. ಮೂರೂಕಾಲು ಸಪ್ತಕದ ಪೇಟಿಗೆ 39 ಕೀ, ಎರಡು ಸಾಲಾದರೆ 78 ರೀಡು. ಬಿಚ್ಚುವ ಮುಂಚೆ ಫೋಟೋ ತೆಗೆದು, ಪ್ರತಿ ರೀಡಿಗೆ ಪೆನ್ಸಿಲಿನಿಂದ ಸಂಖ್ಯೆ ಹಾಕಿ. ಮೂಕವಾದ ರೀಡಿನಲ್ಲಿ ಹೆಚ್ಚಾಗಿ ಧೂಳಿರುತ್ತದೆ. ನಾಲಗೆಯ ಅಡಿ ತೆಳು ಕಾಗದ ತೂರಿಸಿ ಮೆಲ್ಲಗೆ ಎಳೆದರೆ ಸಾಕು. ಗುರ್ ಎನ್ನುವುದಾದರೆ ನಾಲಗೆ ಚೌಕಟ್ಟಿನ ಅಂಚಿಗೆ ಬಡಿಯುತ್ತಿದೆ. ಒತ್ತದೆಯೇ ಕೂಗುವ ಕೀ ಇದ್ದರೆ ರೀಡನ್ನು ಮುಟ್ಟಬೇಡಿ, ಸ್ಪ್ರಿಂಗು ಸೋತಿದೆ, ಇಲ್ಲವೇ ಕೀ ಅಡಿಯ ಚರ್ಮಕ್ಕೆ ಕಸ ಸಿಕ್ಕಿದೆ.

ಶ್ರುತಿ ಸರಿಮಾಡುವುದು ಕೊನೆಯ ಕೆಲಸ. ನಾಲಗೆಯ ತುದಿಯನ್ನು ಸಣ್ಣ ಅರದಿಂದ ಉಜ್ಜಿದರೆ ಸ್ವರ ಏರುತ್ತದೆ, ಬುಡ ಉಜ್ಜಿದರೆ ಇಳಿಯುತ್ತದೆ. ಅಡಿಗೆ ತೆಳು ತಗಡು ಕೊಟ್ಟು, ಎರಡೇ ಎರಡು ಸಲ ಉದ್ದಕ್ಕೆ ಎಳೆದು, ರೀಡನ್ನು ಮತ್ತೆ ಪೆಟ್ಟಿಗೆಯೊಳಗೆ ಕೂರಿಸಿಯೇ ಕೇಳಿ. ಬೆರಳಿನ ಶಾಖಕ್ಕೂ ಸ್ವರ ಜಾರುವುದರಿಂದ ಒಂದು ನಿಮಿಷ ಕಾಯಬೇಕು. ಫೋನಿನ ಟ್ಯೂನರ್ ತೋರಿಸುವ 440 ಹರ್ಟ್ಸ್‌ನ ಇಂದಿನ ಅಳತೆಗೆ ಇಡೀ ಪೇಟಿಯನ್ನು ಎಳೆದು ತರಬೇಡಿ. ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ತಗ್ಗಿದ್ದರೆ ಅದು ತಪ್ಪಲ್ಲ, ತಬಲಾದವರು ಆ ಶ್ರುತಿಗೇ ಏರಿಸಿಕೊಳ್ಳುತ್ತಾರೆ. ಸಾಲು ಬಿಟ್ಟು ಹೋದ ರೀಡುಗಳನ್ನಷ್ಟೇ ತಿದ್ದಿ. ಉಜ್ಜಿದ ಹಿತ್ತಾಳೆ ಮರಳಿ ಬರುವುದಿಲ್ಲ.

ನುಡಿಸಲು ಕುಳಿತಾಗ ಒಂದು ಎಚ್ಚರ. ಸ್ವರದಿಂದ ಸ್ವರಕ್ಕೆ ಜಾರಲು ಪೇಟಿಗೆ ಬರುವುದಿಲ್ಲ. ಆಕಾಶವಾಣಿ 1940ರಿಂದ 1971ರವರೆಗೆ ಹಾರ್ಮೋನಿಯಂ ಅನ್ನು ದೂರವಿಟ್ಟದ್ದಕ್ಕೆ ಒಂದು ಕಾರಣ ಇದೇ. ಕೀ ನೋಡಿಯೇ ಕಲಿತ ಮಕ್ಕಳು ಮಾನ್ವಿಯ ಜಗನ್ನಾಥದಾಸರ ಪದವನ್ನೂ ಮೆಟ್ಟಿಲು ಹತ್ತಿದಂತೆ ಹಾಡುತ್ತಾರೆ. ಆದ್ದರಿಂದ ಮೊದಲ ತಿಂಗಳು ಷಡ್ಜ, ಪಂಚಮ ಎರಡೇ ಕೀ ಹಿಡಿದು, ರೆಕಾರ್ಡಿನ ಧಾಟಿಯನ್ನು ಕಂಠದಲ್ಲಿ ಕೂರಿಸಿ. ಪಲ್ಲವಿ ಬಾಯಿಗೆ ಬಂದ ಮೇಲೆ ಬಲಗೈ ಅದನ್ನು ಹಿಂಬಾಲಿಸಲಿ. ಅಚ್ಚಾದ ಪುಸ್ತಕದ ಪಾಠಕ್ಕೂ ಅಜ್ಜನ ಬಾಯಿಪಾಠಕ್ಕೂ ವ್ಯತ್ಯಾಸ ಕಂಡರೆ ಎರಡನ್ನೂ ನೋಟ್‌ಬುಕ್ಕಿನಲ್ಲಿ ಎದುರುಬದುರು ಬರೆದಿಡಿ, ಹಾಡುವಾಗ ಅಜ್ಜನದನ್ನು ಹಾಡಿ.